ವೈಲ್ಡ್ ಕಾರ್ಡ್ ಋಷ್ಯಶೃಂಗ: ಗಾನಸ್ಪರ್ಧಾಶಾಸ್ತ್ರಕ್ಕೆ ಕಿಗ್ಗದ ಕೊಡುಗೆ

ಟಿವಿಯ ಹಾಡಿನ ಸ್ಪರ್ಧೆ ಹೊರಗಿನಿಂದ ಬಂದ ಸರಕು ಎಂಬ ತಪ್ಪು ಕಲ್ಪನೆ ವಿದ್ವಾಂಸರಲ್ಲಿ ಬೇರೂರಿದೆ. ಸ್ಪೇನಿನವರು 2001ರಲ್ಲಿ ‘ಆಪರೇಸಿಯೋನ್ ತ್ರಿಯುನ್ಫೊ’ ಶುರುಮಾಡಿದರು, ಅದಕ್ಕೂ ಮುಂಚೆ 1995ರಲ್ಲೇ ಹಿಂದಿಯಲ್ಲಿ ಸೋನು ನಿಗಮ್ ‘ಸ ರೆ ಗ ಮ’ ನಡೆಸಿಕೊಟ್ಟರು ಎಂದು ಇಸವಿ ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ. ಇವರಾರೂ ಶೃಂಗೇರಿಯಲ್ಲಿ ಬಸ್ಸು ಹತ್ತಿ ಕಿಗ್ಗಕ್ಕೆ ಬಂದವರಲ್ಲ. ಬಂದಿದ್ದರೆ ಋಷ್ಯಶೃಂಗೇಶ್ವರನ ಗುಡಿಯಲ್ಲೇ ಈ ಶಾಸ್ತ್ರದ ಮೂಲಪುರುಷ ಸಿಗುತ್ತಿದ್ದ. (ಕಿಗ್ಗ ಎಂಬುದು ‘ಕಿರುಗಾನ’ದ ತದ್ಭವ ಎಂದು ಪ್ರಸ್ತುತ ಸಂಶೋಧಕ ಹತ್ತು ನಿಮಿಷ ನಂಬಿದ್ದ. ಕಾಫಿ ಕುಡಿದ ಮೇಲೆ ಕೈಬಿಟ್ಟ.)

ಈಗ ಪುರಾಣಪ್ರಮಾಣ. ಅಂಗರಾಜ ರೋಮಪಾದನ ಸೀಮೆಗೆ ಮಳೆಯಿಲ್ಲ. ಇವತ್ತಿನ ಭಾಷೆಯಲ್ಲಿ ಟಿಆರ್‌ಪಿ ಬಿದ್ದಿತ್ತು. ಊರಿನ ಮುಖ ಕಾಣದ ಹುಡುಗನೊಬ್ಬ ಕಾಡಿನಲ್ಲಿದ್ದಾನೆ, ಅವನನ್ನು ತಂದರೆ ಸರಿಹೋದೀತು ಎಂದು ಬಲ್ಲವರು ಹೇಳಿದರು. ಗಣಿಕೆಯರ ತಂಡ ಹೊರಟಿತು. ಇದೇ ಮೊದಲ ಆಡಿಷನ್. ಅಪ್ಪ ವಿಭಾಂಡಕರು ಇಲ್ಲದ ಹೊತ್ತು ನೋಡಿ ಬಂದರು. ಹುಡುಗ ಅವರನ್ನು ಬೇರೆ ಆಶ್ರಮದ ಮುನಿಗಳೆಂದುಕೊಂಡ, ಭಕ್ಷ್ಯಗಳನ್ನು ಹಣ್ಣೆಂದು ತಿಂದ. ಈಗ ಪ್ರತಿ ಸೀಸನ್ನಿನ ಮೊದಲ ವಾರ ತೋರಿಸುವ ಪರಿಚಯದ ವಿಡಿಯೊದಲ್ಲೂ ಇಷ್ಟೇ ಇರುತ್ತದೆ: ಮಣ್ಣಿನ ಗೋಡೆ, ಕೊಟ್ಟಿಗೆ, ಮುಗ್ಧ ನಗು, ಹಿಂದೆ ಒಂದು ಕೊಳಲು. ಋಷ್ಯಶೃಂಗ ಅಂಗದ ನೆಲಕ್ಕೆ ಕಾಲಿಟ್ಟದ್ದೇ ತಡ, ಮಳೆ ಹೊಡೆಯಿತು. ಆಗ ಸೈಟು, ಕಾರು ಕೊಡುವ ಪ್ರಾಯೋಜಕರಿರಲಿಲ್ಲವಾಗಿ ರಾಜಕುಮಾರಿ ಶಾಂತೆಯನ್ನೇ ಕೊಟ್ಟರು. ಕಾಡಿನಿಂದ ನೇರ ಅರಮನೆಗೆ ಬಂದ ಈತನೇ ಜಗತ್ತಿನ ಮೊದಲ ವೈಲ್ಡ್ ಕಾರ್ಡ್ ಎಂಟ್ರಿ ಎಂದು ಇನ್ನೂ ಬಿಡಿಸಿ ಹೇಳಬೇಕಿಲ್ಲ.

ಸಂದೇಹವಾದಿಗಳಿಗೆ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿಯವರೇ ಉತ್ತರ. ಕುರಿ ಕಾಯುತ್ತ ಹಾಡುತ್ತಿದ್ದವರು ಝೀ ಕನ್ನಡದ ‘ಸರಿಗಮಪ’ಕ್ಕೆ ಬಂದು 2019ರ ಫಿನಾಲೆಯಲ್ಲಿ ಎರಡನೇ ಸ್ಥಾನ ಪಡೆದರು. ಆಮೇಲೆ ಬಿಗ್ ಬಾಸ್ ಮನೆಗೆ ವೈಲ್ಡ್ ಕಾರ್ಡಿನಲ್ಲೇ ಹೊಕ್ಕು 2025ರ ಜನವರಿಯಲ್ಲಿ ಕಪ್ ಎತ್ತಿದರು. ಹಾಡಿದ್ದಕ್ಕೆ ಎರಡನೇ ಸ್ಥಾನ, ಸುಮ್ಮನೆ ಇದ್ದದ್ದಕ್ಕೆ ಮೊದಲನೆಯದು. ಋಷ್ಯಶೃಂಗನೂ ಅಂಗದಲ್ಲಿ ವಿಶೇಷವಾಗಿ ಏನೂ ಮಾಡಲಿಲ್ಲ, ಬಂದ ಅಷ್ಟೆ.

ಇನ್ನು ಪ್ರಯೋಗಶಾಲೆ. ಚಳಿಗಾಲದ ರಾತ್ರಿ ಅಡಿಕೆ ಸುಲಿಯುವ ಅಂಗಳಕ್ಕಿಂತ ಯೋಗ್ಯ ಸ್ಥಳ ಈ ಅಧ್ಯಯನಕ್ಕಿಲ್ಲ. ಎಂಟು ಹತ್ತು ಮಂದಿ ಮೆಟ್ಟುಕತ್ತಿಯ ಮುಂದೆ ಸಾಲಾಗಿ ಕೂತಿರುತ್ತಾರೆ, ಎದುರಿಗೆ ಜಗಲಿಯ ಮೇಲೆ ಟಿವಿ. ಕಣ್ಣು ಟಿವಿಯ ಮೇಲೆ, ಕೈ ಕತ್ತಿಯ ಮೇಲೆ, ಸಿಪ್ಪೆ ಮಂಡಿಯವರೆಗೆ. ಸುಲಿದಷ್ಟು ಡಬ್ಬಕ್ಕೆ ದುಡ್ಡು, ಹಾಗಾಗಿ ಯಾರೂ ಸುಳ್ಳು ಮೆಚ್ಚುಗೆ ಕೊಡುವಂತಿಲ್ಲ. ಹಾಡು ನಿಜಕ್ಕೂ ಹಿಡಿದರೆ ಕತ್ತಿಯ ಟಕಟಕ ನಿಧಾನವಾಗುತ್ತದೆ. ತೀರ ಹಿಡಿದರೆ ನಿಲ್ಲುತ್ತದೆ. ಇದಕ್ಕಿಂತ ನಿಖರವಾದ ಅಂಕಪಟ್ಟಿಯನ್ನು ಯಾವ ಚಾನೆಲ್ಲೂ ಕಂಡುಹಿಡಿದಿಲ್ಲ. ಒಂದು ರಾತ್ರಿ ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಿರೂಪಕಿ ಕಣ್ಣೊರೆಸಿಕೊಂಡರು. ಇತ್ತ ಕತ್ತಿಗಳು ಬಿರುಸಾಗಿ ಓಡುತ್ತಿದ್ದವು. ಪಕ್ಕದ ಮನೆಯ ಅತ್ತೆ ತಲೆ ಎತ್ತದೆ ಹೇಳಿದರು: “ಎಂತ ಮಾರಾಯ, ಹಾಡಿದ್ದು ಚೂರು, ಅತ್ತಿದ್ದೇ ಪೂರ.”

ವೃತ್ತಿಜೀವನದ ವಿಷಯದಲ್ಲಿ ‘ದ್ವಿತೀಯಸ್ಥಾನ ಸಿದ್ಧಾಂತ’ವನ್ನು ವಿನಯದಿಂದ ಮಂಡಿಸುತ್ತೇನೆ. ಸ್ಪೇನಿನ ಆ ಮೊದಲ ಸ್ಪರ್ಧೆಯಲ್ಲಿ ಗೆದ್ದದ್ದು ರೋಸಾ ಲೋಪೆಸ್. 2002ರ ಯೂರೋವಿಷನ್‌ನಲ್ಲಿ ಸ್ಪೇನಿನ ಪರವಾಗಿ ಹಾಡಿ ಏಳನೆಯವರಾದರು. ಹೆಚ್ಚು ಹೆಸರು ಮಾಡಿದ್ದು ಎರಡನೆಯವರಾದ ಡೇವಿಡ್ ಬಿಸ್ಬಾಲ್. ಅರಿಜಿತ್ ಸಿಂಗ್ 2005ರ ‘ಫೇಮ್ ಗುರುಕುಲ’ದಿಂದ ಹೊರಬಿದ್ದವರು. ನಮ್ಮಲ್ಲಿ ಸಂಜಿತ್ ಹೆಗ್ಡೆ ಸರಿಗಮಪದ ಕಪ್ ಎತ್ತಲಿಲ್ಲ; 2020ರಲ್ಲಿ ‘ಮರಳಿ ಮನಸಾಗಿದೆ’ ಬಂದ ಮೇಲೆ ಮದುವೆ ವಿಡಿಯೊಗಳೆಲ್ಲ ಅವರ ದನಿಯಲ್ಲೇ ಓಡಿದವು. ಹಾಗಾದರೆ ಸಂಜಿತ್ ಸ್ಪರ್ಧಿಸಿದ ವರ್ಷ ಗೆದ್ದವರು ಯಾರು ಎಂದು ಅಂಗಳದಲ್ಲಿ ಕೇಳಿದೆ. ಕತ್ತಿಗಳು ಒಮ್ಮೆಗೇ ನಿಂತವು.

ವ್ಯಾಕರಣದ ಒಂದು ಮಾತು ಇಲ್ಲಿ ಅಗತ್ಯ. ಜಿ.ಎಸ್. ಶಿವರುದ್ರಪ್ಪನವರ ಕವಿತೆಯ ‘ಹಾಡಿದೆನು’ ಎಂಬ ಭೂತಕಾಲ ಈಟಿವಿ ಕನ್ನಡದ ಹಾಡಿನ ಕಾರ್ಯಕ್ರಮದ ಹೆಸರಾಗುವಾಗ ‘ಎದೆ ತುಂಬಿ ಹಾಡುವೆನು’ ಎಂದು ಭವಿಷ್ಯತ್ತಾಯಿತು. ಸ್ಪರ್ಧಿಯ ಬಾಳೆಲ್ಲ ಈ ಒಂದು ಪ್ರತ್ಯಯದಲ್ಲಿದೆ: ಹಾಡುವೆನು, ಕರೆಯುವರು, ಸಿನಿಮಾದಲ್ಲಿ ಅವಕಾಶ ಕೊಡುವರು. ಆ ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ತಪ್ಪಿದ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು, ಹಾಡು ಹುಟ್ಟಿದ ಕತೆ ಹೇಳುತ್ತಿದ್ದರು. 2020ರ ಸೆಪ್ಟೆಂಬರ್ 25ರಂದು ಅವರು ಹೋದರು. ಅವರ ವಿಷಯದಲ್ಲಿ ಅಣಕ ಮಾಡುವಷ್ಟು ದೊಡ್ಡ ವಿದ್ವಾಂಸ ನಾನಲ್ಲ.

ಮುಂದೆ ಋಷ್ಯಶೃಂಗನ ಗತಿ ಏನಾಯಿತು? ಒಂದು ದೊಡ್ಡ ಹೊರಗಿನ ಕಾರ್ಯಕ್ರಮ ಸಿಕ್ಕಿತು, ಅಯೋಧ್ಯೆಯಲ್ಲಿ ಪುತ್ರಕಾಮೇಷ್ಟಿ. ಹೆಸರು ಬಂದದ್ದು ಹುಟ್ಟಿದ ಮಕ್ಕಳಿಗೆ. ಕೊನೆಗೆ ಮರಳಿ ಮಲೆನಾಡು ಸೇರಿ, ತಪಸ್ಸು ಮಾಡಿ, ಕಿಗ್ಗದ ಲಿಂಗದಲ್ಲಿ ಐಕ್ಯನಾದ ಎಂದು ಇಲ್ಲಿಯವರ ನಂಬಿಕೆ. ಸ್ಪರ್ಧಿಗಳದ್ದೂ ಇದೇ ದಾರಿ: ಕಾಡು, ಅರಮನೆ, ಒಂದು ಸಿನಿಮಾ ಹಾಡು, ವಾಪಸು ಊರಿನ ಜಾತ್ರೆಯ ಆರ್ಕೆಸ್ಟ್ರಾ. ಬ್ಯಾನರಿನಲ್ಲಿ ‘ಸರಿಗಮಪ ಖ್ಯಾತಿಯ’ ಎಂಬ ವಿಶೇಷಣ ಮಾತ್ರ ಬಣ್ಣ ಮಾಸಿದರೂ ಇಳಿಯುವುದಿಲ್ಲ. ಮಳೆ ಬಿದ್ದದ್ದು ಅಂಗದ ಗದ್ದೆಗೆ, ಕರೆತಂದ ಹುಡುಗನ ತಲೆಯ ಮೇಲೆ ನಾಲ್ಕು ಹನಿ.

ಮಳೆ ಬೇಕೆಂದು ಬೇಡಲು ಕಿಗ್ಗಕ್ಕೆ ಬರುತ್ತಾರೆ, ಸಾಕು ನಿಲ್ಲಿಸು ಎನ್ನಲೂ ಇಲ್ಲಿಗೇ ಬರುತ್ತಾರೆ. 2019ರ ಜೂನ್‌ನಲ್ಲಿ ಸರ್ಕಾರ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಿತು. ಆಗಸ್ಟ್‌ನಲ್ಲಿ ರಾಜ್ಯಕ್ಕೆ ನೆರೆ ಬಂತು. ಎಲಿಮಿನೇಷನ್ ಯಾವಾಗ ನಿಲ್ಲಿಸಬೇಕೆಂದು ತಿಳಿಯುವುದು ಸುಲಭವಲ್ಲ ಎಂಬುದಕ್ಕೆ ಇದೂ ಒಂದು ಪ್ರಮಾಣ.

ಈ ಪ್ರಬಂಧ ಮುಂದಿನ ಸುತ್ತಿಗೆ ಹೋಗಬೇಕೆಂದು ಬಯಸುವ ಓದುಗರು ದಯವಿಟ್ಟು ಮೇ ತಿಂಗಳೊಳಗೆ ಮಿಸ್ಡ್ ಕಾಲ್ ಕೊಡಿ. ಆಮೇಲೆ ನಮ್ಮಲ್ಲಿ ಟವರ್ ಇರುವುದಿಲ್ಲ.