ಕ್ಯಾಮ್‌ಶಾಫ್ಟ್ ಆಯ್ಕೆ: ಬಳಕೆದಾರರ ಕೈಪಿಡಿ



ಮರಳು, ಕಾಡುದಾರಿಗಳಲ್ಲಿ ಚೆನ್ನಾಗಿ ಓಡುತ್ತಿರುವ ನಾಲ್ಕು ಚಕ್ರದ ಎಟಿವಿಯ ಎಂಜಿನ್ನನ್ನು ಹೊಸ ಕ್ಯಾಮಿಗಾಗಿ ಬಿಚ್ಚಲು ತಾವು ತೀರ್ಮಾನಿಸಿದ್ದಕ್ಕೆ ಅಭಿನಂದನೆಗಳು. ಕಾರಣ ನಮಗೆ ಗೊತ್ತು. ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಲ್ಲಿ, ಓಲ್ಡ್ಸ್‌ಮೊಬೈಲ್ ಹಿಲ್ ಏರುವಾಗ, ಮೀಸೆ ಮೂಡದ ಹುಡುಗನೊಬ್ಬ ತಮ್ಮನ್ನು ಹಿಂದೆ ಹಾಕಿ ಹೋದ. ಅವನು ಎರಚಿದ ಮರಳು ಇನ್ನೂ ತಮ್ಮ ಹಲ್ಲಿನಲ್ಲಿದೆ.

ಬೇಕಾಗುವ ಸಾಮಗ್ರಿ: ಫೀಲರ್ ಗೇಜ್, ಟಾರ್ಕ್ ರೆಂಚ್, ಡಿಗ್ರಿ ಗುರುತಿನ ಚಕ್ರ, ಒಂದು ಮೊಳ ತಂತಿ, ಮಕ್ಕಳು ಆಡುವ ಬಣ್ಣದ ಜೇಡಿಮಣ್ಣು, ಒಂದು ಶನಿವಾರ. ಭಾನುವಾರವನ್ನೂ ಖಾಲಿ ಇಟ್ಟುಕೊಂಡಿರಿ.

ಹಂತ 1. ತಮ್ಮ ಎಂಜಿನ್ನಿಗೆ ಕ್ಯಾಮ್ ಇದೆಯೇ ನೋಡಿಕೊಳ್ಳಿ. ನಗಬೇಡಿ. ಯಮಹಾ ಬ್ಯಾನ್ಶೀ ಟೂ ಸ್ಟ್ರೋಕ್ ಗಾಡಿ; ನಮ್ಮ ಮೈಸೂರಿನ ಹಳೆಯ ಯೆಜ್ಡಿಯ ಹಾಗೆ ಅದಕ್ಕೆ ಕ್ಯಾಮೂ ಇಲ್ಲ, ಕ್ಯಾಮ್ ತೆರೆಯುವಂಥ ವಾಲ್ವೂ ಇಲ್ಲ. ಪಿಸ್ಟನ್ ತಾನೇ ಮೇಲೆ ಕೆಳಗೆ ಓಡಾಡುತ್ತ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ತಮ್ಮದು ಬ್ಯಾನ್ಶೀ ಆಗಿದ್ದರೆ ಕೈಪಿಡಿ ಇಲ್ಲಿಗೆ ಮುಗಿಯಿತು, ದುಡ್ಡೂ ಉಳಿಯಿತು. 686 ಸಿಸಿಯ ರಾಪ್ಟರ್ 700 ಆಗಿದ್ದರೆ ಮುಂದೆ ಓದಿ: ಒಂದು ಸಿಲಿಂಡರ್, ನಾಲ್ಕು ವಾಲ್ವ್, ತಲೆಯ ಮೇಲೆ ಒಂದೇ ಕ್ಯಾಮ್.

ಹಂತ 2. ಕ್ಯಾಮ್ ಮಾಡುವ ಕೆಲಸ ತಿಳಿದುಕೊಳ್ಳಿ. ಅದೊಂದು ಉಕ್ಕಿನ ಸರಳು, ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಉಬ್ಬು ವಾಲ್ವನ್ನು ಎಷ್ಟು ತೆರೆಯುತ್ತದೋ ಅದು ಲಿಫ್ಟ್. ಎಷ್ಟು ಹೊತ್ತು ತೆರೆದಿಡುತ್ತದೋ ಅದು ಡ್ಯುರೇಷನ್. ರೇಸಿನ ಕ್ಯಾಮ್ ಗಾಳಿಯನ್ನು ಒಳಬಿಡುವ ಒಳವಾಲ್ವನ್ನು ತಡವಾಗಿ ಮುಚ್ಚುತ್ತದೆ. ಸಂಜೆ ಆರರ ಮೆಜೆಸ್ಟಿಕ್ ಬಸ್ ನೆನೆಯಿರಿ: ನೂಕುನುಗ್ಗಲಿನ ರಭಸವಿದ್ದರೆ, ಕಂಡಕ್ಟರ್ ಸೀಟಿ ಊದಿದ ಮೇಲೂ ಬಾಗಿಲು ತೆರೆದಿದ್ದಷ್ಟು ಹೊತ್ತು ಜನ ಒಳಗೆ ನುಗ್ಗುತ್ತಲೇ ಇರುತ್ತಾರೆ. ರಭಸವಿಲ್ಲದಿದ್ದರೆ ಅದೇ ಬಾಗಿಲಿನಿಂದ ಹತ್ತಿದವರೂ ಇಳಿದುಹೋಗುತ್ತಾರೆ. ದೊಡ್ಡ ಕ್ಯಾಮ್ ಹಾಕಿದ ಎಂಜಿನ್ ಮೇಲಿನ ವೇಗದಲ್ಲಿ ಹಾರುವುದೂ, ಕೆಳಗಿನ ವೇಗದಲ್ಲಿ ಪಿಕಪ್ ಇಲ್ಲದೆ ಕೆಮ್ಮುವುದೂ ಈ ಕಾರಣಕ್ಕೇ.

ಹಂತ 3. ಎಲ್ಲಿ ಓಡಿಸುತ್ತೀರಿ ಎಂದು ಬರೆಯಿರಿ. ಎಲ್ಲಿ ಓಡಿಸಬೇಕೆಂಬ ಆಸೆ ಇದೆ ಎಂದು ಬರೆಯಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಪ್ಯಾಡಲ್ ಟಯರ್ ಹಾಕಿ, ಥ್ರಾಟಲ್ ಪೂರ್ತಿ ಒತ್ತಿ ಮರಳು ಏರುವವರಿಗೆ ಮೇಲಿನ ಪವರ್ ಬೇಕು. ಕಾಡುದಾರಿಯಲ್ಲಿ ಬಂಡೆ ಬೇರು ದಾಟುವವರಿಗೆ ಕೆಳಗಿನ ಎಳೆತ ಬೇಕು. ವರ್ಷಕ್ಕೆ ಎರಡು ಸಲ ದಿಬ್ಬಕ್ಕೆ ಹೋಗಿ, ಮಿಕ್ಕ ದಿನ ಮಗಳನ್ನು ಕೂರಿಸಿಕೊಂಡು ಹಿತ್ತಲು ಸುತ್ತುವವರು ಮೊದಲು ಮಗಳನ್ನು ಕೆಳಗಿಳಿಸಿ. ಅದು ಒಬ್ಬರೇ ಕೂರುವ ಗಾಡಿ. ಆಮೇಲೆ ಹಂತ 1ರ ಬ್ಯಾನ್ಶೀ ಮಾಲೀಕರಂತೆ ಸಂತೋಷವಾಗಿರಿ.

ಹಂತ 4. ಕ್ಯಾಮಿನ ಜೊತೆ ಬರುವ ಚೀಟಿ ಓದಿ. ಒಬ್ಬ ತಯಾರಕರು ಡ್ಯುರೇಷನ್ ಅಳೆಯುವುದು 1 ಮಿಲಿಮೀಟರ್ ಲಿಫ್ಟಿನಿಂದ, ಇನ್ನೊಬ್ಬರು 1.27ರಿಂದ. ಒಂದೇ ಕ್ಯಾಮಿಗೆ ಎರಡು ಅಂಕಿ. ಒಂದಂಗಡಿಯ ಸೇರನ್ನು ಇನ್ನೊಂದರ ಪಾವಿನ ಜೊತೆ ಹೋಲಿಸಿ ಅಕ್ಕಿ ಕೊಂಡಂತಾಗಬಾರದು.

ಹಂತ 5. ಸನ್ಯಾಸಿಯ ಕೌಪೀನದ ಕತೆ ನೆನಪಿಸಿಕೊಳ್ಳಿ. ಕೌಪೀನ ಕಡಿಯುವ ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸು ನೋಡಿಕೊಳ್ಳಲು ಹೆಂಡತಿ. ಇಲ್ಲಿ ಲಿಫ್ಟ್ ಹೆಚ್ಚಾದರೆ ಸ್ಪ್ರಿಂಗಿನ ಸುರುಳಿಗೆ ಸುರುಳಿ ತಾಗುತ್ತದೆ. ಹೊಸ ಸ್ಪ್ರಿಂಗ್ ಬೇಕು. ಗಾಳಿ ಹೆಚ್ಚಾದರೆ ಪೆಟ್ರೋಲ್ ಹೆಚ್ಚಬೇಕು. ಫ್ಯುಯೆಲ್ ಕಂಟ್ರೋಲರ್ ಬೇಕು. ಕುಗ್ಗಿದ ಕೆಳಗಿನ ಎಳೆತವನ್ನು ತುಂಬಲು ಹೆಚ್ಚು ಕಂಪ್ರೆಷನ್ನಿನ ಪಿಸ್ಟನ್. ಅದಕ್ಕೆ ದುಬಾರಿ ಆಕ್ಟೇನಿನ ಪೆಟ್ರೋಲ್. ಇಷ್ಟೆಲ್ಲ ತಾಳಲಾರದೆ ಜಾರುವ ಕ್ಲಚ್. ಮದುವೆಯ ತನಕ ಬಂದಿದ್ದೀರಿ.

ಹಂತ 6. ಜೇಡಿಮಣ್ಣಿನ ಪರೀಕ್ಷೆ. ಇದನ್ನು ಬಿಡುವಂತಿಲ್ಲ. ಪಿಸ್ಟನ್ನಿನ ತಲೆಯ ಮೇಲೆ, ವಾಲ್ವ್ ಇಳಿಯುವ ಗುಳಿಗಳಲ್ಲಿ, ಮಣ್ಣನ್ನು ರೊಟ್ಟಿಯ ದಪ್ಪಕ್ಕೆ ತಟ್ಟಿ. ಅಂಟದಂತೆ ವಾಲ್ವಿಗೆ ಒಂದು ಹನಿ ಎಣ್ಣೆ ಸವರಿ. ಹೆಡ್ ಕೂರಿಸಿ, ಚೈನ್ ಹಾಕಿ, ಟ್ಯಾಪೆಟ್ ಸೆಟ್ ಮಾಡಿ, ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ. ಮತ್ತೆ ಬಿಚ್ಚಿದರೆ ಮಗಳ ನೀಲಿ ಮಣ್ಣಿನಲ್ಲಿ ವಾಲ್ವುಗಳು ಅರ್ಧಚಂದ್ರದ ಗುರುತು ಒತ್ತಿರುತ್ತವೆ. ಬ್ಲೇಡಿನಿಂದ ಕತ್ತರಿಸಿ, ಅತಿ ತೆಳುವಾದ ಕಡೆ ಅಳೆಯಿರಿ. ಒಳವಾಲ್ವಿಗೆ ಸುಮಾರು 1, ಹೊರವಾಲ್ವಿಗೆ ಸುಮಾರು 1.5 ಮಿಲಿಮೀಟರ್ ಜಾಗವಾದರೂ ಬೇಕೆನ್ನುವುದು ರೂಢಿ. ಕ್ಯಾಮ್ ತಯಾರಕರ ಅಂಕಿಯೇ ಅಂತಿಮ. ಕಡಿಮೆ ಇದ್ದರೆ ವಾಲ್ವೂ ಪಿಸ್ಟನ್ನೂ ಭೇಟಿಯಾಗುತ್ತವೆ. ಒಂದೇ ಭೇಟಿ ಸಾಕು.

ಎಚ್ಚರಿಕೆ: ಟೈಮಿಂಗ್ ಚೈನನ್ನು ತಂತಿಯಿಂದ ಕಟ್ಟಿಡಿ, ಚೈನ್ ಇಳಿಯುವ ಬಾವಿಯಂಥ ಕಿಂಡಿಗೆ ಬಟ್ಟೆ ತುರುಕಿ. ಅಲ್ಲಿ ಬಿದ್ದ ಬೋಲ್ಟಿಗಾಗಿ ತಮ್ಮ ಭಾನುವಾರವನ್ನು ಕಾದಿರಿಸಲಾಗಿದೆ.

ಹಂತ 7. ಮಣ್ಣನ್ನು ಪೂರ್ತಿ ಒರೆಸಿ, ಬಟ್ಟೆ ತೆಗೆದು, ಉಬ್ಬುಗಳಿಗೆ ಮಾಲಿಬ್ಡಿನಮ್ ಗ್ರೀಸ್ ಬಳಿದು, ಎಲ್ಲವನ್ನೂ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿ. ಐಡಲಿನಲ್ಲಿ ಗಾಡಿ ಮೈಮೇಲೆ ದೇವರು ಬಂದಂತೆ ನಡುಗಿದರೆ ಗಾಬರಿ ಬೇಡ. ಒಳವಾಲ್ವ್, ಹೊರವಾಲ್ವ್ ಎರಡೂ ಕೊಂಚ ಹೊತ್ತು ಒಟ್ಟಿಗೆ ತೆರೆದಿರುವುದರ ಫಲ ಅದು. ನೆರೆಹೊರೆಯವರು ಇದನ್ನು ಬೇರೆ ಮಾತಿನಲ್ಲಿ ವಿವರಿಸುತ್ತಾರೆ.

ಗ್ಯಾರಂಟಿ: ಹೊಸ ಕ್ಯಾಮ್ ಪವರನ್ನು ಪುಕ್ಕಟೆ ಕೊಡುವುದಿಲ್ಲ, ಕೆಳಗಿನದನ್ನು ತೆಗೆದು ಮೇಲಿಡುತ್ತದೆ, ಅಷ್ಟೇ. ತಾವು ಇರುವುದು ಮೇಲೆಯೋ ಕೆಳಗೋ ಎಂಬುದರ ಮೇಲೆ ಲಾಭನಷ್ಟ. ಹಾಗಾಗಿ ಕಂಪನಿಯ ಹಳೆಯ ಕ್ಯಾಮನ್ನು ಮಾರಬೇಡಿ. ಎಣ್ಣೆಬಟ್ಟೆಯಲ್ಲಿ ಸುತ್ತಿ, ಡಬ್ಬಿಯ ಮೇಲೆ ಹೆಸರು ಬರೆದು, ಕೈಗೆಟುಕುವ ಎತ್ತರದಲ್ಲಿಡಿ.