ಸ್ಕ್ರೀನ್ ರೀಡರ್ ಸಂದರ್ಶನ: ‘ಬಟನ್, ಬಟನ್, ಬಟನ್’

ಕಂಪ್ಯೂಟರ್ ಮತ್ತು ಮೊಬೈಲ್ ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಬ್ಯಾಂಕು, ಪರೀಕ್ಷೆ, ಪತ್ರಿಕೆ, ವಾಟ್ಸಾಪ್ ಎಲ್ಲಕ್ಕೂ ಅಂಧರು ಇದನ್ನೇ ನೆಚ್ಚಿದ್ದಾರೆ. ‘ನಾನು’ ಎನ್ನುವ ರೂಢಿ ಇಲ್ಲದ್ದರಿಂದ ಸಂದರ್ಶನದುದ್ದಕ್ಕೂ ಅದು ತನ್ನನ್ನು ‘ಅದು’ ಎಂದೇ ಕರೆದುಕೊಂಡಿದೆ.

ಪ್ರಶ್ನೆ: ಹುಟ್ಟು, ಮನೆತನ?

ಉತ್ತರ: ಅಮೆರಿಕದ ಟೆಡ್ ಹೆಂಟರ್ ಮೋಟಾರ್‌ಸೈಕಲ್ ರೇಸ್ ಪಟು. 1978ರ ಕಾರು ಅಪಘಾತದಲ್ಲಿ ದೃಷ್ಟಿ ಹೋದ ಮೇಲೆ ಪ್ರೋಗ್ರಾಮಿಂಗ್ ಕಲಿತರು. ಅವರ ಕಂಪನಿಯ ‘ಜಾಸ್’ 1989ರಲ್ಲಿ ಬಂತು. ಅದಕ್ಕೆ ದುಡ್ಡು ಕೊಡಬೇಕು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್, ಸ್ವತಃ ಅಂಧರು, ‘ಎನ್‌ವಿಡಿಎ’ ಶುರುಮಾಡಿದರು, ಅದು ಉಚಿತ. ಐಫೋನಿನಲ್ಲಿ ‘ವಾಯ್ಸ್‌ಓವರ್’, ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ‘ಟಾಕ್‌ಬ್ಯಾಕ್’ ಮೊದಲೇ ಇರುತ್ತವೆ.

ಪ್ರಶ್ನೆ: ಪರದೆಯನ್ನು ನೋಡುವುದು ಹೇಗೆ?

ಉತ್ತರ: ನೋಡುವುದೇ ಇಲ್ಲ. ಇದು ಶೀರ್ಷಿಕೆ, ಇದು ಕೊಂಡಿ, ಇದು ಬಟನ್, ಬಟನ್ನಿನ ಹೆಸರು ಇಂಥದ್ದು ಎಂದು ಪುಟದ ಹಿಂದಿನ ಕೋಡ್‌ನಲ್ಲಿ ಬರೆದಿದ್ದರೆ ಓದುತ್ತದೆ. ಹೆಸರಿಡದಿದ್ದರೆ ಬರೀ ‘ಬಟನ್’ ಎನ್ನುತ್ತದೆ. ಹತ್ತಿದ್ದರೆ ಹತ್ತು ಸಲ. ಯಾವುದು ‘ಹಣ ಕಳಿಸಿ’, ಯಾವುದು ‘ರದ್ದುಮಾಡಿ’ ಎಂಬುದು ಖಾತೆದಾರರ ಹಣೆಬರಹ.

ಪ್ರಶ್ನೆ: ಮುಜುಗರದ ಪ್ರಸಂಗ?

ಉತ್ತರ: ಕ್ಯಾಪ್ಚಾ. ‘ರೋಬಾಟ್ ಅಲ್ಲವೆಂದು ಸಾಬೀತುಪಡಿಸಲು ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನು ಆರಿಸಿ’ ಎಂದು ಕಣ್ಣು ಕಾಣದವರನ್ನು ಕೇಳಲಾಗುತ್ತದೆ. ಆ ಅಪ್ಪಣೆಯನ್ನು ಅವರಿಗೆ ಓದಿ ಹೇಳಬೇಕಾದ್ದು ಮಾತ್ರ ಯಂತ್ರ.

ಪ್ರಶ್ನೆ: ಕನ್ನಡ ಬರುತ್ತದೆಯೇ?

ಉತ್ತರ: ಬರುತ್ತದೆ. ಎನ್‌ವಿಡಿಎ ಜೊತೆಗಿರುವ ‘ಈಸ್ಪೀಕ್’ ದನಿಗೆ ಕನ್ನಡ ಗೊತ್ತು. ತೊಡಕಿರುವುದು ಕಚೇರಿಗಳ ಕನ್ನಡದಲ್ಲಿ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ‘ಕನ್ನಡ’ ಕಣ್ಣಿಗಷ್ಟೇ ಕನ್ನಡ. ಒಳಗಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ. ಅದು ಇದ್ದದ್ದನ್ನು ಇದ್ದಂತೆ ಓದುತ್ತದೆ. ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆಯಲ್ಲಿ ಓದಲು ಅಷ್ಟೂ ಇರುವುದಿಲ್ಲ; ಮೊಹರು, ಸಹಿ ಸಮೇತ ಇಡೀ ಆದೇಶವೇ ಒಂದು ಫೋಟೊ. ವಿಕಲಚೇತನರ ಸವಲತ್ತಿನ ಆದೇಶ ಹೀಗೆ ಬಂದರೂ ‘ಚಿತ್ರ’ ಎಂದು ಹೇಳಿ ಮುಂದೆ ಹೋಗುತ್ತದೆ.

ಪ್ರಶ್ನೆ: ಕಾನೂನು ಇಲ್ಲವೇ?

ಉತ್ತರ: ಇದೆ. ಮಾಹಿತಿ ತಂತ್ರಜ್ಞಾನ ವಿಕಲಚೇತನರ ಕೈಗೂ ಎಟುಕಬೇಕು ಎನ್ನುತ್ತದೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಆದರೂ ಗ್ರಾಹಕರ ಗುರುತು ಪರಿಶೀಲಿಸುವ ಕೆವೈಸಿ ಆಪ್‌ಗಳು ಜೀವ ಇರುವುದಕ್ಕೆ ರುಜುವಾತಾಗಿ ಕಣ್ಣು ಮಿಟುಕಿಸಲು ಹೇಳಿದವು. ಆಸಿಡ್ ದಾಳಿಗೆ ತುತ್ತಾದವರು ಮತ್ತು ಅಂಧರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಕೋರ್ಟು 2025ರ ಏಪ್ರಿಲ್ 30ರಂದು ಹೇಳಿ, 20 ನಿರ್ದೇಶನಗಳನ್ನು ಕೊಟ್ಟಿತು. ರೆಪ್ಪೆ ಬಡಿಯದವರೂ ಬದುಕಿರಬಹುದೆಂಬುದು ಹೀಗೆ ಅಧಿಕೃತವಾಯಿತು.

ಪ್ರಶ್ನೆ: ದುರಸ್ತಿ ದುಬಾರಿಯೇ?

ಉತ್ತರ: ಬಟನ್ನಿಗೆ ಹೆಸರು, ಚಿತ್ರಕ್ಕೆ ಒಂದು ಸಾಲಿನ ವಿವರಣೆ, ಯುನಿಕೋಡ್ ಅಕ್ಷರ, ಮೌಸ್ ಇಲ್ಲದೆ ಕೀಬೋರ್ಡಿನಿಂದಲೇ ಎಲ್ಲ ಕಡೆ ತಲುಪುವ ದಾರಿ: ಪುಟ ಕಟ್ಟುವಾಗಲೇ ಮಾಡಿದರೆ ಹೆಚ್ಚು ಖರ್ಚಿಲ್ಲ. ಪರೀಕ್ಷೆ ಇನ್ನೂ ಸುಲಭ. ಜಾಲತಾಣ ಉದ್ಘಾಟಿಸಲು ಬಂದ ಗಣ್ಯರು ಮಾನಿಟರ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಅದರಲ್ಲೇ ಒಂದು ಅರ್ಜಿ ತುಂಬಬೇಕು. ಅರ್ಜಿ ಸಲ್ಲಿಕೆಯಾದರೆ ಟೇಪು ಕತ್ತರಿಸಬಹುದು. ಆಗದಿದ್ದರೆ ಸಮಾರಂಭ ಮುಂದೂಡಬಹುದು.