ಗುಂಡನ ಸೂತಕ

ವರಮಹಾಲಕ್ಷ್ಮಿ ಹಬ್ಬದ ದಿನವೇ ಮನೆಯಲ್ಲಿ ಸಾವಾಯಿತು. ಸತ್ತವನ ಹೆಸರು ಗುಂಡ, ವಯಸ್ಸು ಒಂಬತ್ತು ದಿನ. ಒಗೆಯುವ ಬಟ್ಟೆ ತುಂಬುವ ಬಲೆಬುಟ್ಟಿಯೊಳಗೆ, ನಡುಗಾಲಲ್ಲಿ ಕಡ್ಡಿ ಹಿಡಿದು ತಲೆಕೆಳಗಾಗಿ ಜೋತುಬಿದ್ದಿದ್ದ. ಮೈಯೆಲ್ಲ ಕಪ್ಪಾಗಿತ್ತು, ಮುಟ್ಟಿದರೆ ನೀರು ಒಸರುವಂತಿತ್ತು. ಕಳಸಕ್ಕೆ ಅರಿಶಿನ ಹಚ್ಚುತ್ತಿದ್ದ ಸೊಸೆ ಅಲ್ಲೇ ಕುಸಿದು ಕೂತಳು. ಆರು ವರ್ಷದ ಮೊಮ್ಮಗ ರಾಗ ತೆಗೆದ. ಆಫೀಸಿನ ಮೀಟಿಂಗಿನಲ್ಲಿದ್ದ ಮಗ ಮ್ಯೂಟ್ ಒತ್ತಿ ಬಂದು, "ನಿನ್ನದೇನೂ ತಪ್ಪಿಲ್ಲ ಬಿಡು" ಅಂತ ಹೆಂಡತಿಯ ಭುಜ ತಟ್ಟಿ ಹೋದ. ಸೊಸೆ ಕಣ್ಣೊರೆಸಿಕೊಂಡದ್ದು ಮದುವೆಯಲ್ಲಿ ನಾವೇ ಕೊಟ್ಟ ರೇಷ್ಮೆ ಸೀರೆಯ ಸೆರಗಿನಿಂದ. ಆ ಸೆರಗೊಂದರಲ್ಲೇ ನೂರಾರು ಗುಂಡಂದಿರಿದ್ದರು. ನಾನು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಎರಡನೇ ಒಬ್ಬಟ್ಟು ಕೇಳುವುದಕ್ಕೂ ನಾಚಿಕೆಯಾಯಿತು.

ಗುಂಡ ಮೊನಾರ್ಕ್ ಚಿಟ್ಟೆಯ ಹುಳ. ಷಿಕಾಗೋ ಹೊರವಲಯದ ಈ ಬಡಾವಣೆಯಲ್ಲಿ ಬೇಸಿಗೆ ಬಂದರೆ ಮೊನಾರ್ಕ್ ಸಾಕುವುದು ಒಂದು ವ್ರತ. ನಾನು ಶಿಡ್ಲಘಟ್ಟದವನು, ರೇಷ್ಮೆ ಹುಳ ಮೇಯಿಸಿದ ಮನೆಯಲ್ಲಿ ಬೆಳೆದವನು. ನಮ್ಮ ಕಡೆ 'ನೂರು ಮೊಟ್ಟೆ' ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ, ಒಡೆದರೆ ನಲವತ್ತು ಐವತ್ತು ಸಾವಿರ ಹುಳ. ಇಲ್ಲಿ ಹತ್ತು ಅಂದರೆ ಹತ್ತೇ. ಒಂದು ಮನೆಯವರು ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಸಾಕಬೇಡಿ ಎಂದು ಝರ್ಸೀಸ್ ಸೊಸೈಟಿಯಂಥ ಸಂಸ್ಥೆಗಳು ಬುದ್ಧಿ ಹೇಳಿವೆ. ಸೊಸೆ ಎಂಟು ಮೊಟ್ಟೆ, ಎರಡು ಬೆಳೆದ ಹುಳ ತಂದಿದ್ದಳು. ಹತ್ತಕ್ಕೂ ಹೆಸರಿಟ್ಟವನು ಮೊಮ್ಮಗ. ನಮ್ಮಪ್ಪ ಐವತ್ತು ಸಾವಿರಕ್ಕೂ ಸೇರಿಸಿ ಇಟ್ಟಿದ್ದ ಹೆಸರು ಒಂದೇ, 'ಬೆಳೆ'.

ಬೆಳೆ ಹೋದಾಗ ನಮ್ಮ ಮನೆಯಲ್ಲೂ ಅಳುತ್ತಿದ್ದರು. ಒಂದು ಸಲ ನಾಲ್ಕನೇ ಜ್ವರ (ಹುಳ ಪೊರೆ ಕಳಚುವ ನಿದ್ದೆಗೆ ನಮ್ಮ ಕಡೆಯ ಹೆಸರು) ಎದ್ದ ಮೇಲೆ ಹಾಲುತೊಂಡೆ ರೋಗ ಬಡಿದು, ತಟ್ಟೆ ತಟ್ಟೆಯೇ ತಿಪ್ಪೆಗೆ ಹೋಯಿತು. ಅಮ್ಮ ಸೊಪ್ಪಿನ ಮಂಕರಿಗೆ ಒರಗಿ ಅತ್ತಳು. ಅತ್ತದ್ದು ಹುಳಕ್ಕಲ್ಲ, ಸಾಲಕ್ಕೆ. ಬದುಕಿದ್ದರೆ ಆ ಹುಳಗಳು ಗೂಡು ಕಟ್ಟಿ, ಮಾರುಕಟ್ಟೆಗೆ ಹೋಗಿ, ಕುದಿಯುವ ನೀರಿಗೆ ಬೀಳುತ್ತಿದ್ದವು. ಅವು ತಾವಾಗಿ ಸತ್ತದ್ದೇ ನಮ್ಮ ದುಃಖ. ಹೀಗಾಗಿ ಗುಂಡನ ಸಾವಿಗೆ ಸಂತಾಪ ಹೇಳುವ ಯೋಗ್ಯತೆ ನನಗಿಲ್ಲ ಅಂತ ಒಪ್ಪಿಕೊಂಡೇ ಮುಂದಿನದನ್ನು ಬರೆಯುತ್ತೇನೆ.

ಗುಂಡನ ಹಿಂದೆಯೇ ಇನ್ನಿಬ್ಬರು ಹೋದರು. ಆಮೇಲೆ, ಹೊರಗಿಂದ ತಂದ ಎರಡು ಹುಳಗಳ ಸರದಿ. ಎರಡೂ ಚೆಂದವಾಗಿ ಪೊರೆಕಟ್ಟಿದ್ದವು. ಹಸಿರು ಮೈಗೆ ಚಿನ್ನದ ಚುಕ್ಕಿ, ಅಕ್ಕಸಾಲಿ ಕೂತು ಇಟ್ಟಂತೆ. ಒಂದು ಬೆಳಿಗ್ಗೆ ಎರಡರ ಮೇಲೂ ಕಂದು ಕಲೆ. ಸಂಜೆಗೆ ಒಂದರಿಂದ ಬಿಳಿ ನೂಲೊಂದು ಇಳಿದಿತ್ತು, ನೂಲಿನ ತುದಿಯಲ್ಲಿ ಕೊಬ್ಬಿದ ಮರಿಹುಳು. "ಊಜಿ!" ಅಂತ ಕೂಗಿಬಿಟ್ಟೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ನಮ್ಮ ಹುಳಮನೆಗಳಿಗೆಲ್ಲ ಬಲೆ ಕಟ್ಟಿಸಿದ ಊಜಿ ನೊಣದ ದಾಯಾದಿ ಇದು. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗಿಂದ ತಿಂದು ದೊಡ್ಡದಾಗುತ್ತದೆ. "ಬೆಳೆದ ಹುಳ ತರಬೇಡಮ್ಮ ಅಂದಿದ್ದೆ" ಅಂದೆ. ಸೊಸೆ ಮರಿಹುಳುವನ್ನು ಸೋಪಿನ ನೀರಿಗೆ ಹಾಕಿದಳು. ಆ ನೊಣವೂ ಈ ನೆಲದ್ದೇ. ಕಿತ್ತಳೆ ರೆಕ್ಕೆ ಇಲ್ಲದ್ದರಿಂದ ಅದಕ್ಕೆ ಹೆಸರಿಲ್ಲ, ಹೆಸರಿಲ್ಲದ್ದರಿಂದ ಸೂತಕವಿಲ್ಲ.

ಮರುದಿನ ಹಿತಕಬೇಳೆಗೆ ಅಂತ ಫ್ರೀಜರ್ ತೆಗೆದೆ. ತೆಂಗಿನ ತುರಿಯ ಪೊಟ್ಟಣಕ್ಕೂ ಕರಿಬೇವಿಗೂ ನಡುವೆ ಒಂದು ಬಿಳಿ ಕವರು. "ಮಾವ, ಅದನ್ನು ಮುಟ್ಟಬೇಡಿ, ರಾಣಿ ಇದ್ದಾಳೆ" ಅಂದಳು ಸೊಸೆ. ರಾಣಿ ಪೊರೆಯಿಂದ ಹೊರಬಂದಾಗ ರೆಕ್ಕೆ ಮುದುರಿತ್ತು. ಸೊಸೆ ಅವಳ ಹೊಟ್ಟೆಗೆ ಸೆಲ್ಲೋಟೇಪು ಮೆಲ್ಲಗೆ ಒತ್ತಿ, ಸೂಕ್ಷ್ಮದರ್ಶಕದಲ್ಲಿಟ್ಟು, ಓ.ಇ. ಎಂಬ ಪರೋಪಜೀವಿಯ ಕಣಗಳನ್ನು ನನಗೂ ತೋರಿಸಿದಳು. ಅಂಥ ಚಿಟ್ಟೆಯನ್ನು ಬಿಟ್ಟರೆ ರೋಗ ಹರಡುತ್ತದೆ, ಅದಕ್ಕೇ ತಣ್ಣಗೆ ಮಲಗಿಸುವುದು. ನಮ್ಮ ಮೊಟ್ಟೆ ಕೇಂದ್ರಗಳಲ್ಲೂ ಇದೇ ಸೂಕ್ಷ್ಮದರ್ಶಕದ ಕೆಲಸ ನಡೆಯುತ್ತದೆ. ಗಂಟುರೋಗ ಫ್ರಾನ್ಸಿನ ರೇಷ್ಮೆಯನ್ನು ಮುಳುಗಿಸುತ್ತಿದ್ದಾಗ, 1865ರಿಂದ ಅದರ ಬೆನ್ನುಬಿದ್ದ ಲೂಯಿ ಪ್ಯಾಶ್ಚರ್ ಕಲಿಸಿಕೊಟ್ಟ ದಾರಿ. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು ನೋಡುತ್ತೇವೆ, ಅಷ್ಟೇ ವ್ಯತ್ಯಾಸ. ಅರೆದವರು ಯಾರೂ ಊಟ ಬಿಟ್ಟದ್ದಿಲ್ಲ.

ಇಷ್ಟೆಲ್ಲ ಯಾಕಮ್ಮ ಅಂತ ಕೇಳಿದೆ. ಸೊಸೆ ಲೆಕ್ಕ ಕೊಟ್ಟಳು. ಇಲ್ಲಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ಆಚೆ, ಮೆಕ್ಸಿಕೋದ ಬೆಟ್ಟಗಳಲ್ಲಿ ಓಯಮೆಲ್ ಮರಗಳಿಗೆ ಜೋತು ಈ ಚಿಟ್ಟೆಗಳು ಚಳಿಗಾಲ ಕಳೆಯುತ್ತವೆ. ಎಷ್ಟು ಕಾಡು ತುಂಬಿತು ಅಂತ ಅಳೆಯುವುದೇ ಅವುಗಳ ಜನಗಣತಿ. 1996-97ರಲ್ಲಿ 18 ಹೆಕ್ಟೇರ್, 2013-14ರಲ್ಲಿ 0.67, 2023-24ರಲ್ಲಿ 0.9. ನಾನು ಎಕರೆಗೆ ತಿರುಗಿಸಿದೆ. ನಲವತ್ತನಾಲ್ಕು ಎಕರೆ ಇದ್ದದ್ದು ಎರಡು ಎಕರೆ ಚಿಲ್ಲರೆಗೆ ಬಂದಿತ್ತು. ನಮ್ಮ ಹಿಪ್ಪುನೇರಳೆ ತೋಟವೇ ಅದಕ್ಕಿಂತ ದೊಡ್ಡದಿತ್ತು.

ಹುಳ ತಿನ್ನುವುದು ಮಿಲ್ಕ್‌ವೀಡ್ ಒಂದನ್ನೇ. ಹಾಲು ಸುರಿಸುವ, ನಮ್ಮ ಎಕ್ಕದ ಬಳಗದ ಗಿಡ. ಹೆಸರಲ್ಲೇ 'ಕಳೆ' ಅಂತ ಇಟ್ಟುಕೊಂಡು ಹುಟ್ಟಿದ್ದು ಅದರ ಗ್ರಹಚಾರ. ಕಳೆನಾಶಕ ತಡೆದುಕೊಳ್ಳುವ ಸೋಯಾ, ಮೆಕ್ಕೆಜೋಳದ ತಳಿಗಳು ತೊಂಬತ್ತರ ದಶಕದಲ್ಲಿ ಬಂದ ಮೇಲೆ ಇಲಿನಾಯ್, ಅಯೋವಾದಂಥ ರಾಜ್ಯಗಳ ಹೊಲಗಳಲ್ಲಿ ಈ ಗಿಡ ಬಹುಮಟ್ಟಿಗೆ ನಿರ್ನಾಮವಾಯಿತು. ಹೊಲ ಇರಲಿ, ಮನೆಯ ಹಿಂದೆ ನೋಡಿದೆ. ಗುರುವಾರ ಗುರುವಾರ ಒಬ್ಬ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಬಂದು, ಹುಲ್ಲೊಂದು ಬಿಟ್ಟು ಮಿಕ್ಕದ್ದೆಲ್ಲ ಸಾಯಲಿ ಅಂತ ಯಾರದೋ ಒಂದು ಮನೆಯ ಹಿತ್ತಲಿಗೆ ಔಷಧಿ ಹೊಡೆಯುತ್ತಾನೆ. ಹೊಡೆದ ಮೇಲೆ ಅಂಗೈಯಗಲದ ಬಾವುಟ ನೆಡುತ್ತಾನೆ, ಒಣಗುವವರೆಗೆ ಮಕ್ಕಳೂ ನಾಯಿಗಳೂ ಕಾಲಿಡಬೇಡಿ ಅಂತ. ನಮ್ಮ ಹಿತ್ತಲಿನ ಸರದಿಗೆ ಅವನಿಗೆ ದುಡ್ಡು ಕೊಡುವ ಕಾರ್ಡೂ ಸೊಸೆ ಬಲೆಬುಟ್ಟಿ ಕೊಂಡ ಕಾರ್ಡೂ ಒಂದೇ. ಮನೆಯೊಳಗೆ ಹತ್ತು ಹುಳಕ್ಕೆ ಐಸಿಯು, ಹಿತ್ತಲಲ್ಲಿ ಲೆಕ್ಕವಿಲ್ಲದಷ್ಟಕ್ಕೆ ಸ್ಮಶಾನ. "ಹುಲ್ಲು ಚೆನ್ನಾಗಿಲ್ಲದಿದ್ದರೆ ಬಡಾವಣೆಯವರು ನೋಟಿಸ್ ಕೊಡ್ತಾರೆ ಅಪ್ಪ" ಅಂದ ಮಗ. ಚಿಟ್ಟೆ ನೋಟಿಸ್ ಕೊಡುವುದಿಲ್ಲ, ಅದೇ ಅದರ ತಪ್ಪು.

ಇನ್ನೊಂದು ಸಂಗತಿಯನ್ನೂ ಅವನೇ ಓದಿ ಹೇಳಿದ. 2019ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಕಂಡದ್ದಂತೆ: ಮನೆಯೊಳಗೆ ಬೆಳೆಸಿದ ಮೊನಾರ್ಕ್‌ಗಳು ಪರೀಕ್ಷೆಗಿಟ್ಟಾಗ ದಕ್ಷಿಣದ ದಿಕ್ಕು ಹಿಡಿಯಲಿಲ್ಲ. ಬೆಚ್ಚಗಿನ ಕೋಣೆ, ಹೊತ್ತು ಹೊತ್ತಿಗೆ ಊಟ, ಕೊನೆಗೆ ಊರಿನ ದಾರಿಯೇ ಗೊತ್ತಿಲ್ಲ. ನಾನು ಮಗನ ಮುಖ ನೋಡಿದೆ. ಅವನು ಫೋನ್ ನೋಡಿದ.

ಸೆಪ್ಟೆಂಬರಿನಲ್ಲಿ ಹತ್ತರಲ್ಲಿ ನಾಲ್ಕು ಹಾರಿದವು. ಒಂದು ಮೊಮ್ಮಗನ ಮೂಗಿನ ಮೇಲೆ ಅರೆಕ್ಷಣ ಕೂತು ಎದ್ದಿತು. ಅವನು ಉಸಿರು ಬಿಗಿಹಿಡಿದು ನಿಂತ ರೀತಿ ನೋಡಿ ನನ್ನ ಕೊಂಕೆಲ್ಲ ಗಂಟಲಲ್ಲೇ ನಿಂತಿತು. ಸೊಸೆ ಮಾತ್ರ ಹೋದ ಆರನ್ನೇ ಎಣಿಸುತ್ತಿದ್ದಳು. "ಹೊರಗಾದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಾಯುತ್ತವಮ್ಮ, ನಿನ್ನದು ಒಳ್ಳೆ ಬೆಳೆ" ಅಂದೆ. ಇವು ಮೆಕ್ಸಿಕೋ ಮುಟ್ಟುವ ಹೊತ್ತಿಗೆ ನವೆಂಬರ್ ಮೊದಲ ವಾರ, ಅಲ್ಲಿ ಸತ್ತವರ ಹಬ್ಬ. ಹಿರಿಯರ ಆತ್ಮಗಳೇ ಚಿಟ್ಟೆಯಾಗಿ ಮನೆಗೆ ಬರುತ್ತವೆ ಅನ್ನುತ್ತಾರಂತೆ. ಪಿತೃಪಕ್ಷದಲ್ಲಿ ನಮ್ಮ ಕಾಗೆಗೆ ಇರುವ ಕೆಲಸ. ಹಿರಿಯರು ಎರಡು ಎಕರೆಯಲ್ಲಿ ಹೇಗೆ ಹಿಡಿಸುತ್ತಾರೋ.

ಆ ಸಂಜೆ ಬೇಲಿಯ ಬುಡದಲ್ಲಿ ಮೂರು ಮಿಲ್ಕ್‌ವೀಡ್ ಗಿಡ ಕಂಡವು, ಯಾರೂ ನೆಡದೆ ಎದ್ದವು. ಎಲೆ ಮಗುಚಿದರೆ ಉಗುರಿನಷ್ಟು ಉದ್ದದ ಪಟ್ಟೆಹುಳ, ಪಕ್ಕದಲ್ಲಿ ಸಾಸಿವೆಯಂಥ ಹಿಕ್ಕೆ. ನಾಳೆ ಗುರುವಾರ. ಕತ್ತಲಾದ ಮೇಲೆ ಪಕ್ಕದ ಮನೆಯ ಹುಲ್ಲಿನಿಂದ ಒಂದು ಬಾವುಟ ಕದ್ದು ತಂದು ಗಿಡದ ಪಕ್ಕ ನೆಟ್ಟೆ. ಬೆಳಿಗ್ಗೆ ಟ್ಯಾಂಕಿನವನು ಬಂದ, ಬಾವುಟ ನೋಡಿದ, ಈ ಮೂಲೆಗೆ ಆಗಲೇ ಹೊಡೆದಾಗಿದೆ ಅಂದುಕೊಂಡು ಮುಂದೆ ಹೋದ.

ಮೊಮ್ಮಗನಿಗೆ ಹೇಳಿಲ್ಲ. ಹೇಳಿದರೆ ಹೆಸರಿಡುತ್ತಾನೆ.